62 ಹೆಬ್ಬೆಟ್ಟು, ಒಬ್ಬ ದ್ರೋಹಿ: ನಮ್ಮ ದೀಪಾವಳಿ ಮಾಸ್ ಬಂಕಿನ ಕಥೆ

ತಾಳಗುಪ್ಪ ಪ್ಯಾಸೆಂಜರ್
(23 ಅಕ್ಟೋಬರ್ 2025, ಗುರುವಾರ ರಾತ್ರಿ 9:40)

ಕವಡೆ ಹಾಕೋರು, ಅಂಜನ ನೋಡೋರು, ಅನುಭವಿ ಸೀನಿಯರ್‌ಗಳು ಯಾರಾದರೂ ಇದ್ದರೆ ಮುಂದೆ ಬನ್ನಿ. ನಮ್ಮ ಕ್ಲಾಸಿನಲ್ಲಿ ಒಬ್ಬ ದ್ರೋಹಿ ಇದ್ದಾನೆ, ಹುಡುಕಿಕೊಡಬೇಕು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಓದ್ತಿದ್ದೇನೆ, ಐದನೇ ಸೆಮಿಸ್ಟರು. ಮನೆ ಸಾಗರದ ಹತ್ತಿರ. ಈ ವರ್ಷದ ಕ್ಯಾಲೆಂಡರ್ ಮೊಳೆಗೆ ನೇತುಹಾಕಿದ ದಿನವೇ ನನಗೆ ಹೊಟ್ಟೆಯಲ್ಲಿ ಕಸಿವಿಸಿ ಆಗಿತ್ತು. ಗಣರಾಜ್ಯೋತ್ಸವ ಭಾನುವಾರ. ಯುಗಾದಿ ಭಾನುವಾರ. ಮಹಾಲಯ ಅಮಾವಾಸ್ಯೆಯೂ ಭಾನುವಾರ, ಪಿತೃಗಳಿಗೂ ವೀಕೆಂಡೇ ಆಗಬೇಕಿತ್ತು. ಅಕ್ಟೋಬರ್ 2ರಂದು ಗಾಂಧಿ ಜಯಂತಿ ಮತ್ತು ವಿಜಯದಶಮಿ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತು ಬಂದವು. ಎರಡು ರಜೆ ಸಿಗಬೇಕಿದ್ದ ಕಡೆ ಒಂದು. ರಾಜ್ಯೋತ್ಸವ ಶನಿವಾರ, ಕನಕ ಜಯಂತಿ ಎರಡನೇ ಶನಿವಾರ. ಮುಂದಿನ ವರ್ಷವಾದರೂ ನೋಡೋಣ ಅಂದರೆ 2026ರ ಶಿವರಾತ್ರಿ ಭಾನುವಾರ, ರಾಜ್ಯೋತ್ಸವ ಭಾನುವಾರ.

ಇದರ ಮಧ್ಯೆ ನನ್ನ ತಮ್ಮ. ಸರ್ಕಾರಿ ಶಾಲೆ, ಏಳನೇ ಕ್ಲಾಸು. ಅವನಿಗೆ ದಸರಾ ರಜೆ ಸೆಪ್ಟೆಂಬರ್ 20ಕ್ಕೆ ಶುರುವಾಗಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಮೇಷ್ಟರುಗಳೆಲ್ಲ ರಾಜ್ಯದ ಜಾತಿ ಸಮೀಕ್ಷೆಗೆ ಹೋಗಿದ್ದರಿಂದ ರಜೆ 18ರವರೆಗೆ ಮುಂದಕ್ಕೆ ಹೋಯಿತು. 19 ಭಾನುವಾರ, 20 ನರಕ ಚತುರ್ದಶಿ. ಫೋನ್ ಮಾಡಿದಾಗಲೆಲ್ಲ "ಅಣ್ಣಾ, ಬೋರಾಗ್ತಿದೆ ಕಣೋ" ಅಂತಿದ್ದ. ಟ್ಯಾಕ್ಸು ಕಟ್ಟೋದು ನಾನಲ್ಲ, ಅಪ್ಪ ಅಂತ ಗೊತ್ತಿದ್ದೂ ನನಗೆ ಸರ್ಕಾರದ ಮೇಲೆ ಸಿಟ್ಟು ಬಂತು.

ಈಗ ವಿಷಯ. ಸೋಮವಾರ 20 ರಜೆ, ಬುಧವಾರ 22 ಬಲಿಪಾಡ್ಯಮಿ ರಜೆ. ಮಧ್ಯೆ ಮಂಗಳವಾರ 21, ಲಕ್ಷ್ಮೀಪೂಜೆಯ ಅಮಾವಾಸ್ಯೆ, ರಜೆ ಇಲ್ಲ. ಎರಡು ಹೋಳಿಗೆ ನಡುವೆ ಒಂದು ತಣ್ಣನೆ ಇಡ್ಲಿ ಇಟ್ಟ ಹಾಗೆ. ಅಮಾವಾಸ್ಯೆ ದಿನ ಶುಭಕಾರ್ಯ ಮಾಡಬಾರದು ಅಂತಾರೆ, ಆದರೆ ಕಂಪ್ಯೂಟರ್ ನೆಟ್‌ವರ್ಕ್ಸ್ ಕ್ಲಾಸು ಶುಭಕಾರ್ಯದ ಲೆಕ್ಕಕ್ಕೆ ಬರೋದಿಲ್ಲವಂತೆ.

ಎಲ್ಲರ ಹಾಗೆ ನಮ್ಮ ಕ್ಲಾಸಿಗೂ ಎರಡು ವಾಟ್ಸಾಪ್ ಗ್ರೂಪು: ಸರ್ ಇರೋದು, ಸರ್ ಇಲ್ಲದ್ದು. ಎರಡನೆಯದರಲ್ಲಿ ಮಾಸ್ ಬಂಕ್, ಅಂದರೆ ಮಂಗಳವಾರ ಯಾರೂ ಕ್ಲಾಸಿಗೆ ಹೋಗಬಾರದು ಅನ್ನೋ ನಿರ್ಣಯ ಮಂಡಿಸಿದವನು ನಾನೇ. 62 ಜನ ಇದ್ದೇವೆ, 62 ಹೆಬ್ಬೆಟ್ಟು ಬಿತ್ತು. ಮೊದಲ ಬೆಂಚಿನ ಟಾಪರ್ ಕೂಡ ಒತ್ತಿದ. ಸಂವಿಧಾನ ತಿದ್ದುಪಡಿಗೂ ಇಷ್ಟು ಒಮ್ಮತ ಸಿಕ್ಕಿರಲಿಕ್ಕಿಲ್ಲ.

ಇವತ್ತು ಬೆಳಿಗ್ಗೆ ತಾಳಗುಪ್ಪ ರೈಲಿಂದ ಇಳಿದು, ಹಲ್ಲೂ ಉಜ್ಜದೆ ಕ್ಲಾಸಿಗೆ ಓಡಿದರೆ ಹಾಜರಿ ಪಟ್ಟಿ ಹೀಗಿದೆ: ಮಂಗಳವಾರ ಗೈರು 61. ಹಾಜರು 1. ಆ ಒಬ್ಬನ ಎದುರು ಮಾಡ್ಯೂಲ್ 3 ಪೂರ್ತಿ ಮುಗಿದಿದೆ. ಸೋಮವಾರ ಇಂಟರ್ನಲ್ಸು. ಯಾರು ಬಂದಿದ್ದರು ಅಂತ ಸರ್ ಹೇಳ್ತಿಲ್ಲ, ನಕ್ಕು ಸುಮ್ಮನಾಗ್ತಾರೆ. ಟಾಪರ್ ಮೇಲೆ ಅನುಮಾನ ಇತ್ತು, ಆದರೆ ಅವನು ಅವತ್ತು ತುಮಕೂರಲ್ಲಿ ಅಜ್ಜಿಮನೆ ಆಕಳ ಜೊತೆ ತೆಗೆಸಿಕೊಂಡ ಫೋಟೊ ತೋರಿಸಿದ.

ಯಾರಿರಬಹುದು?

ಗಿರ್ಮಿಟ್ ಎರಡು ಪ್ಲೇಟ್
ಫೋಟೊ ತೋರಿಸ್ದಾಂವನ್ನ ಮೊದಲ ಹಿಡೀರಿ. ಕೇಳದ ಸಾಕ್ಷಿ ಕೊಡಾಂವ ಎಂದೂ ಸಾಚಾ ಇರಂಗಿಲ್ಲ.

ನಾ ಧಾರವಾಡದಾಗ ಓದೂವಾಗ ನಮ್ಮದೂ ಹಿಂಗ ಆಗಿತ್ತು. ಎಲ್ಲಾರೂ ಕ್ಲಾಸ್ ಬಿಟ್ಟು ಗಿರ್ಮಿಟ್ ತಿನ್ನಾಕ ಹೋಗೂದಂತ ಮಾತಾತು. ಒಬ್ಬಾಂವ ಪೆನ್ನು ಮರತೇನಿ ಅಂತ ವಾಪಸ್ ಹ್ವಾದ. ಇನ್ನೂ ಬಂದಿಲ್ಲ. ಈಗ ಅಂವ ಯಾವುದೋ ಕಾಲೇಜಿನಾಗ ಪ್ರಿನ್ಸಿಪಾಲ ಆಗ್ಯಾನ.

ಕಡಲತಡಿ
ನಿಮ್ಮದೆಲ್ಲ ಎಂತ ಸಂಕಟ ಮಾರಾಯ್ರೆ, ನಮ್ಮ ಮಳೆ ರಜೆ ಕಥೆ ಕೇಳಿ. ನಾನು ಮಂಗಳೂರು ಕಡೆಯವ, ಇಲ್ಲೇ ಇಂಜಿನಿಯರಿಂಗ್. ಜೂನ್-ಜುಲೈಯಲ್ಲಿ ರಾತ್ರಿ ಇಡೀ ಮಳೆ ಹೊಡೆದರೆ ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರೂ ನೋಡುವುದು ಜಿಲ್ಲಾಧಿಕಾರಿಗಳ ಆದೇಶ ಬಂತಾ ಅಂತ. ದೇವರ ಪ್ರಸಾದಕ್ಕೆ ಸಹ ಅಷ್ಟು ಕಾದವರಿಲ್ಲ. ಆದೇಶ ಬರ್ತದೆ. "ಅಂಗನವಾಡಿ, ಪ್ರಾಥಮಿಕ, ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳಿಗೆ ರಜೆ." ಅಲ್ಲಿಗೆ ಪೂರ್ಣವಿರಾಮ. ಹೆಚ್ಚಿನ ಸಲ ನಮ್ಮ ಹೆಸರೇ ಇಲ್ಲ. ಪಿಯುಸಿ ಪಾಸಾದ ಕೂಡಲೇ ಮನುಷ್ಯ ವಾಟರ್‌ಪ್ರೂಫ್ ಆಗ್ತಾನೆ ಅಂತ ಯಾರು ಕಂಡುಹಿಡಿದದ್ದೋ.

ಮತ್ತೆ ಆ ನಕಲಿ ಆದೇಶಗಳು ಬೇರೆ. ಹೋದ ವರ್ಷದ ಪತ್ರದಲ್ಲಿ ತಾರೀಕು ತಿದ್ದಿ ಯಾರೋ ಬಿಡ್ತಾರೆ. ನಂಬಿ ಮುಸುಕು ಹಾಕಿ ಮಲಗಿದೆ, ಲ್ಯಾಬ್ ಹೋಯ್ತು.

ಕೆಂಪು ಬಸ್ಸಿನ ಹುಡುಗಿ
ಪ್ಯಾಸೆಂಜರ್ ಅವರೇ, ನಿಮ್ಮ ಕ್ಲಾಸಿನ ಹುಡುಗಿಯರ ಮೇಲಂತೂ ಅನುಮಾನ ಪಡಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾವು ಎರಡು ದಿನ ರಜೆ ಸಿಕ್ಕರೂ ಊರಿಗೆ ಹೋಗೋರೇ. ನನ್ನದು ಹೊಸದುರ್ಗ. ಶೂನ್ಯ ಟಿಕೆಟ್ ಹರಿಸಿಕೊಂಡು ಕಿಟಕಿ ಪಕ್ಕ ಕೂತರೆ ರಾಣಿ.

ಸೀಟು ಸಿಕ್ಕರೆ ಅಂತ ಸೇರಿಸಬೇಕು. ಶನಿವಾರ ಮೆಜೆಸ್ಟಿಕ್‌ನಲ್ಲಿ ಬಸ್ಸು ಪ್ಲಾಟ್‌ಫಾರ್ಮಿಗೆ ಬರುವ ಮೊದಲೇ ಕಿಟಕಿಯಿಂದ ಮೂರು ಕರ್ಚೀಫು, ಒಂದು ವೇಲು, ಒಂದು ನೀರಿನ ಬಾಟಲಿ ಒಳಗೆ ಹೋಗಿ ಕೂತಿದ್ದವು. ನಾನು ಎಸೆದ ಕರ್ಚೀಫ್ ಮೇಲೆ ಒಬ್ಬ ಅಜ್ಜಿ ಕೂತಿದ್ದರು. "ಇದು ನಂದು ಅಜ್ಜಿ" ಅಂದೆ. ಎದ್ದು ಕರ್ಚೀಫ್ ಕೊಟ್ಟು ಮತ್ತೆ ಕೂತರು. ಹಿರಿಯೂರಿನವರೆಗೆ ನಿಂತೇ ಹೋದೆ.

ತಾಳಗುಪ್ಪ ಪ್ಯಾಸೆಂಜರ್
ನಮಗೆ ಆ ಭಾಗ್ಯ ಇಲ್ಲ. ರೈಲಿನಲ್ಲಿ ವೇಟಿಂಗ್ ಲಿಸ್ಟು, ಖಾಸಗಿ ಬಸ್ಸಿನ ಆ್ಯಪ್ ತೆರೆದರೆ ಮಾಮೂಲಿ ದರದ ಎರಡೂವರೆ ಪಟ್ಟು. ಆ ದುಡ್ಡಿಗೆ ಬಸ್ಸಿನ ಒಂದು ಚಕ್ರ ನನ್ನ ಹೆಸರಿಗೆ ಬರೆದುಕೊಡಬೇಕಿತ್ತು. ಕೊನೆಗೆ ಜನರಲ್ ಬೋಗಿಯಲ್ಲಿ, ಪಾಯಿಖಾನೆ ಬಾಗಿಲಿನ ಪಕ್ಕ, ಒಗೆಯದ ಬಟ್ಟೆಯ ಬ್ಯಾಗನ್ನೇ ಹಾಸಿಗೆ ಮಾಡಿಕೊಂಡು ಹೋದೆ. ಒಂದು ಉಪಕಾರ ಆಯ್ತು: ಬ್ಯಾಗಿನ ವಾಸನೆಗೆ ಪಕ್ಕದವರು ಅರಸೀಕೆರೆ ಬರೋದರೊಳಗೆ ಜಾಗ ಬಿಟ್ಟುಕೊಟ್ಟರು.

ಹಳೇ ಸ್ಟೂಡೆಂಟು
ತಮ್ಮಾ, ನಾನು 1997ರ ಬ್ಯಾಚು, ನಿಮ್ಮ ಕಡೆಯವನೇ, ಆನಂದಪುರ. ಆಗ ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್ ಗೇಜ್ ಹಳಿ, ಅದರ ಮೇಲೊಂದು ರೈಲ್‌ಬಸ್ ಓಡ್ತಿತ್ತು. ಬಸ್ಸೋ ರೈಲೋ ಅಂತ ಅದಕ್ಕೇ ಖಚಿತ ಇರಲಿಲ್ಲ. ಊರಿಗೆ ಬರ್ತೀನಿ ಅಂತ ಕಾರ್ಡು ಬರೆದರೆ ನಾನು ಬಂದು, ರಜೆ ಮುಗಿಸಿ, ವಾಪಸ್ ಹೊರಡುವ ದಿನ ಆ ಕಾರ್ಡು ಬರ್ತಿತ್ತು. ಅಪ್ಪ ಅದನ್ನ ಓದಿ "ಓಹೋ, ಬರ್ತಾನಂತೆ" ಅಂತಿದ್ರು. ಎಸ್‌ಟಿಡಿ ಬೂತಿನಲ್ಲಿ ರಾತ್ರಿ ತಡವಾಗಿ ಕಾಲು ದರ ಅಂತ ಕ್ಯೂ ನಿಂತು ಫೋನ್ ಮಾಡಿದರೆ ಮಾತೆಲ್ಲ ಒಂದೇ: "ಎಂಓ (ಮನಿ ಆರ್ಡರ್) ಕಳ್ಸಿ."

ಮಾಸ್ ಬಂಕಿನಲ್ಲಿ ಹೋಗುವ ಆ ಒಬ್ಬ ಯಾವಾಗಲೂ ಹಾಸ್ಟೆಲಿನವನೇ. ಡೇ ಸ್ಕಾಲರ್ ಮನೇಲಿ ಮಲಗಿರ್ತಾನೆ. ಹಾಸ್ಟೆಲಲ್ಲಿ ಉಳಿದವನಿಗೆ ಮಾತ್ರ ಬೇರೆ ಎಲ್ಲೂ ಹೋಗೋಕೆ ಜಾಗ ಇರಲ್ಲ. ಆ ದಿಕ್ಕಿನಲ್ಲಿ ಹುಡುಕು.

ಮೈಸೂರು ಲೋಕಲ್
ಡೇ ಸ್ಕಾಲರ್ ಮಲಗಿರ್ತಾನಂತೆ! ಗುರು, ದಸರಾದಲ್ಲಿ ನಮ್ಮ ಮನೆಗೊಂದು ಸಲ ಬಾ. ನನ್ನ ರೂಮಲ್ಲಿ ದಾವಣಗೆರೆ ಚಿಕ್ಕಪ್ಪನ ಸಂಸಾರ, ಹಾಲಲ್ಲಿ ಕ್ಲಾಸಿನ ಐದು ಹುಡುಗರು, ನಾನು ಗೊಂಬೆ ಕೂರಿಸಿದ ಮೆಟ್ಟಿಲ ಪಕ್ಕ ಚಾಪೆ ಮೇಲೆ. ರಾತ್ರಿ ಕಣ್ಣು ಬಿಟ್ಟರೆ ಪಟ್ಟದ ಗೊಂಬೆ ನನ್ನನ್ನೇ ನೋಡ್ತಿರುತ್ತೆ. ಎಲ್ಲರಿಗೂ ಗೈಡು ನಾನು. ಅಂಬಾರಿ ಎಷ್ಟು ಕೆಜಿ? 750. ಆನೆಗೆ ಭಾರ ಆಗಲ್ವಾ? ಆನೆಯನ್ನೇ ಕೇಳಿ. ನನಗೆ ಭಾರ ಆಗಿದೆ ಅಂತ ಮಾತ್ರ ಯಾರೂ ಕೇಳಲ್ಲ. ಜಂಬೂ ಸವಾರಿ ದಿನ ಚಿಕ್ಕಪ್ಪನ ಮಗನನ್ನ ಹೆಗಲ ಮೇಲೆ ಮೂರು ಗಂಟೆ ಹೊತ್ತಿದ್ದೀನಿ.

ಅಂದ ಹಾಗೆ ಆಯುಧಪೂಜೆ ದಿನ ನಮ್ಮ ಕಾಲೇಜಿನ ವರ್ಕ್‌ಶಾಪಲ್ಲಿ ಲೇತ್ ಮಷೀನಿಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಪುರಿ ಹಂಚಿದ್ರು. ಕಂಪ್ಯೂಟರ್ ಲ್ಯಾಬಿನಲ್ಲಿ ಒಬ್ಬ ಭಕ್ತ ಕೀಬೋರ್ಡಿಗೂ ಅರಿಶಿನ ಹಚ್ಚಿದ. ಎಂಟರ್ ಕೀ ಇವತ್ತಿಗೂ ಒತ್ತಿದರೆ ಮೇಲೆ ಬರಲ್ಲ.

ಅಪ್ಪೆಮಿಡಿ ಇನ್ ಅಮೆರಿಕ
ಮಿನ್ನೆಸೋಟಾದಿಂದ ಎಂ.ಎಸ್. ಓದುತ್ತಿರುವ ಶಿರಸಿಯ ಹುಡುಗಿ ಬರೀತಿದ್ದೇನೆ. ನಿಮಗೆ ಮಂಗಳವಾರ ಒಂದು ದಿನ ರಜೆ ಇಲ್ಲ ಅಂತ ಗೋಳು. ನನಗೆ ಸೋಮವಾರ ದೀಪಾವಳಿ ದಿನವೇ ಮಿಡ್‌ಟರ್ಮ್ ಇತ್ತು. ಈ ತಿಂಗಳು ಕ್ಯಾಲಿಫೋರ್ನಿಯಾದಲ್ಲಿ ದೀಪಾವಳಿಯನ್ನು ರಾಜ್ಯದ ರಜಾಪಟ್ಟಿಗೆ ಸೇರಿಸುವ ಕಾನೂನಿಗೆ ಸಹಿ ಬಿದ್ದಿದೆ. ನಾನಿರುವುದು ಮಾತ್ರ ಮಿನ್ನೆಸೋಟಾದಲ್ಲಿ. ಹೊಳೆ ಒಂದು ಕಡೆ, ಬಾಯಾರಿದವಳು ಇನ್ನೊಂದು ಕಡೆ.

ನಮ್ಮ ದೊಡ್ಡ ರಜೆ ನವೆಂಬರ್ ನಾಲ್ಕನೇ ಗುರುವಾರ, ಥ್ಯಾಂಕ್ಸ್‌ಗಿವಿಂಗ್. ಊರೆಲ್ಲ ಖಾಲಿ, ಕ್ಯಾಂಪಸ್ಸಿನ ಅಂಗಡಿ ಮುಚ್ಚಿರುತ್ತದೆ, ಹೊರಗೆ ಹಿಮ. ಹೋದ ವರ್ಷ ಉಳಿದವರು ಐದು ಜನ: ನಾನು, ಒಬ್ಬ ನೇಪಾಳದವನು, ಇಬ್ಬರು ನೈಜೀರಿಯಾದವರು, ಒಬ್ಬಳು ವಿಯೆಟ್ನಾಮಿನವಳು. ಅಮ್ಮ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಕೊನೇ ನಾಲ್ಕು ಮಿಡಿಯನ್ನು ಐದು ಜನ ಹಂಚಿಕೊಂಡೆವು. ನೈಜೀರಿಯಾದವನು ಖಾರಕ್ಕೆ ಜಗ್ಗಲಿಲ್ಲ, ವಾಟೆ ಸಮೇತ ಅಗಿದ.

ರಜೆಯಲ್ಲಿ ಹಾಸ್ಟೆಲಿನಲ್ಲಿ ಉಳಿಯೋದು ಬೇರೆಯೇ ತರಹದ ರಜೆ. ಹಳೇ ಸ್ಟೂಡೆಂಟು ಹೇಳಿದ್ದು ಸರಿ.

ಚಾಕ್‌ಪೀಸ್
ಉಪನ್ಯಾಸಕರ ಕಡೆಯಿಂದ ಒಂದು ಮಾತು ಬರಲಿ. ಮಂಗಳವಾರ ನಮಗೂ ರಜೆ ಇರಲಿಲ್ಲ. ನಿಮ್ಮ "ಸರ್ ಇಲ್ಲದ ಗ್ರೂಪಿ"ನಲ್ಲಿ ನಿರ್ಣಯ ಆಗಿದೆ ಅನ್ನೋದು ನಮಗೆ ಅದೇ ದಿನ ಗೊತ್ತಾಗುತ್ತೆ. ಹೇಗೆ ಅಂತ ಕೇಳಬೇಡಿ. ಕ್ಲಾಸ್ ಖಾಲಿ ಇದ್ದರೆ ಸ್ಟಾಫ್ ರೂಮಲ್ಲಿ ಕೂತು ಬ್ಲೂಬುಕ್ ತಿದ್ದಬಹುದು, ಟೀ ಕುಡಿಯಬಹುದು ಅಂತ ನಾವೂ ಕನಸು ಕಂಡಿರ್ತೀವಿ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ನಿಂತಿರ್ತಾನೆ. "ಮೇ ಐ ಕಮಿನ್ ಸರ್?" ಆ ಕ್ಷಣದಲ್ಲಿ ನಮಗೆ ಆಗುವ ಸಂಕಟ ನಿಮ್ಮ 61 ಜನರ ಸಂಕಟಕ್ಕಿಂತ ದೊಡ್ಡದು. ಅವನೂ ಫೀಸು ಕಟ್ಟಿದ್ದಾನೆ, ಪಾಠ ಮಾಡಲೇಬೇಕು.

ಒಬ್ಬನಿಗೇ ಪಾಠ ಮಾಡೋದು ಎಷ್ಟು ಕಷ್ಟ ಗೊತ್ತಾ? ಬೋರ್ಡಿನ ಕಡೆ ತಿರುಗಿ ಬರೆಯುವಾಗ ಹಿಂದೆ ಯಾರೂ ಗುಸುಗುಸು ಮಾಡಲ್ಲ, ಭಯ ಆಗುತ್ತೆ. "ಅರ್ಥ ಆಯ್ತಾ?" ಅಂತ ಕೇಳಿದರೆ ಅವನೊಬ್ಬನೇ ಉತ್ತರ ಕೊಡಬೇಕು, ಅವನಿಗೂ ಭಯ.

ತಾಳಗುಪ್ಪ ಪ್ಯಾಸೆಂಜರ್
ಸರ್, ನೀವು ನಮ್ಮ ಕಾಲೇಜಿನವರಲ್ಲ ತಾನೆ?

ಚಾಕ್‌ಪೀಸ್
ಎಲ್ಲ ಕಾಲೇಜಲ್ಲೂ ನಾನೇ ಇರ್ತೀನಿ. ಮಾಡ್ಯೂಲ್ 3 ಓದ್ಕೋ.

ಗಿರ್ಮಿಟ್ ಎರಡು ಪ್ಲೇಟ್
ಪ್ಯಾಸೆಂಜರಪ್ಪಾ, ಅದಿರ್ಲಿ. ಬಂಕ್ ಹೊಡದು ಊರಾಗ ಏನ್ ಕಿಸಿದಿ ಹೇಳು.

ತಾಳಗುಪ್ಪ ಪ್ಯಾಸೆಂಜರ್
ಕೇಳಬಾರದಿತ್ತು. ಅಡಿಕೆ ಸುಲಿದೆ.

ಬೇರೆ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ದೀಪಾವಳಿ ಬರುವುದೂ ಕೊನೆ (ಅಡಿಕೆ ಗೊನೆ) ಕೊಯ್ಲು ಶುರುವಾಗುವುದೂ ಹೆಚ್ಚುಕಡಿಮೆ ಒಟ್ಟಿಗೆ. ಹಸಿ ಅಡಿಕೆ ಅಂಗಳಕ್ಕೆ ಬಂದು ಬಿದ್ದರೆ ಅದಕ್ಕೆ ಮಾಸ್ ಬಂಕ್ ಗೊತ್ತಿಲ್ಲ, ಸುಲಿದು ಬೇಯಿಸಿ ಒಣಗಿಸಲೇಬೇಕು. ಈಗ ಯಂತ್ರ ಬಂದಿದೆ. ನಮ್ಮೂರಿನ ಯಂತ್ರ ಆ ವಾರವೇ ಕೆಟ್ಟಿತು. ಅಪ್ಪ ನನ್ನ ಮುಖ ನೋಡಿದರು. "ಇಂಜಿನಿಯರಿಂಗ್ ಓದ್ತಿದೀಯಲ, ನೋಡು ಏನಾಗಿದೆ." ಅಪ್ಪ, ನಾನು ಓದ್ತಿರೋದು ಕಂಪ್ಯೂಟರ್. "ಅದೂ ಕರೆಂಟಲ್ಲೇ ಓಡೋದಲ?" ಬಿಚ್ಚಿದೆ. ಜೋಡಿಸಿದೆ. ಎರಡು ಬೋಲ್ಟು, ಒಂದು ಸ್ಪ್ರಿಂಗು ಮಿಕ್ಕಿತು. ಅಲ್ಲಿಂದ ಮುಂದೆ ಯಾರೂ ಮಾತಾಡಲಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿ ತಂದು ಎದುರಿಗೆ ಇಟ್ಟರು.

ನಮ್ಮನೆಗೆ ಸುಲಿಯೋಕೆ ಬರುವವರಿಗೆ ಡಬ್ಬದ ಲೆಕ್ಕದಲ್ಲಿ ದುಡ್ಡು. ಸಂಜೆಯೊಳಗೆ ಪಕ್ಕದಲ್ಲಿ ಕೂತ ಅಮ್ಮನ ವಯಸ್ಸಿನವರು ಆರು ಡಬ್ಬ ಸುಲಿದಿದ್ದರು. ನನ್ನದು ಮುಕ್ಕಾಲು ಡಬ್ಬ, ಎರಡು ಬೆರಳಿಗೆ ಬ್ಯಾಂಡೇಜು. ತಮ್ಮ ತಿಂಗಳ ರಜೆಯಲ್ಲಿ ಪಳಗಿಬಿಟ್ಟಿದ್ದಾನೆ, ಎರಡು ಡಬ್ಬ ಮುಗಿಸಿ "ಅಣ್ಣಾ, ಸಿ ಲ್ಯಾಂಗ್ವೇಜ್‌ನಲ್ಲಿ ಸುಲಿತಿದೀಯಾ?" ಅಂದ.

ಅಮ್ಮನ ಅಕ್ಕರೆ ಬೇರೆ ನಮೂನೆ. ಬಾಗಿಲಲ್ಲೇ "ಎಷ್ಟು ಬಡಕಲಾಗಿದೀಯ ಮಾರಾಯ" ಅಂದರು. ನನ್ನ ತೂಕ ನಾಲ್ಕು ಕೆಜಿ ಜಾಸ್ತಿ ಆಗಿದೆ. ಚೀನಿಕಾಯಿ (ಸಿಹಿಗುಂಬಳ) ಕಡುಬು ತಟ್ಟೆಗೆ ಬೀಳುತ್ತಲೇ ಇತ್ತು. ನಿಜ ಹೇಳಬೇಕು, ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಅಂಗಳಕ್ಕೆ ಬಂದಾಗ ಬಂಕ್ ಹೊಡೆದಿದ್ದಕ್ಕೆ ಒಂದು ಚೂರೂ ಪಶ್ಚಾತ್ತಾಪ ಆಗಲಿಲ್ಲ. ಬೆಳಿಗ್ಗೆ ದನಗಳಿಗೆ ಅಡಿಕೆ ಸರ, ಚೆಂಡುಹೂವಿನ ಹಾರ ಹಾಕಿ ಬಿಟ್ಟಾಗ ನಮ್ಮ ಗೌರಿ ಓಡಿಹೋಗಿ ಪಕ್ಕದ ಮನೆ ದನದ ಹಾರ ತಿಂದಳು. ಆ ಜಗಳ ಇನ್ನೂ ನಡೀತಿದೆ.

ಕೆಂಪು ಬಸ್ಸಿನ ಹುಡುಗಿ
ಎರಡು ಬೋಲ್ಟು, ಒಂದು ಸ್ಪ್ರಿಂಗು 😂 ನಮ್ಮನೇಲಿ ಮಿಕ್ಸಿ. ನಾನು ಬಯೋಟೆಕ್ನಾಲಜಿ ಅಂದರೂ ಬಿಡಲಿಲ್ಲ.

ಹಳೇ ಸ್ಟೂಡೆಂಟು
ತಮ್ಮಾ, ಕೇಳಿದ್ದಕ್ಕೆ ಉತ್ತರ ಕೊಡು. ಮಂಗಳವಾರ ನಿನ್ನ ಹಾಸ್ಟೆಲಿನಲ್ಲಿ ಯಾರು ಉಳಿದಿದ್ದರು?

ತಾಳಗುಪ್ಪ ಪ್ಯಾಸೆಂಜರ್
(24 ಅಕ್ಟೋಬರ್, ಶುಕ್ರವಾರ ರಾತ್ರಿ 11:15)

ಸಿಕ್ಕ.

ಈ ಮೇಲಿನ ಪ್ರಶ್ನೆ ಓದಿ ಫೋನಿಂದ ತಲೆ ಎತ್ತಿದೆ. ನನ್ನ ಮಂಚದಿಂದ ಆರಡಿ ದೂರದಲ್ಲಿ ನನ್ನ ರೂಮ್‌ಮೇಟ್ ಕೂತಿದ್ದ. ನಾನು ತಂದ ಕಡುಬು ತಿಂತಿದ್ದ. ಎರಡು ದಿನದಿಂದ ದ್ರೋಹಿಯನ್ನು ಹುಡುಕ್ತಾ, ಅದೇ ದ್ರೋಹಿಗೆ ತುಪ್ಪ ಬೇರೆ ಹಾಕ್ತಿದ್ದೆ ನಾನು.

ಅವನು ಪಾಟ್ನಾ ಕಡೆಯವನು. ಐದು ದಿನದ ರಜೆಗೆ ಅವನು ಊರಿಗೆ ಹೋಗೋ ಹಾಗಿಲ್ಲ. ಸಂಘಮಿತ್ರ ಎಕ್ಸ್‌ಪ್ರೆಸ್ ದಾನಾಪುರ ಮುಟ್ಟಲು ಹೆಚ್ಚುಕಡಿಮೆ ಎರಡು ದಿನ, ಬರಲು ಎರಡು ದಿನ. ಮನೆಯಲ್ಲಿ ಕಾಲಿಟ್ಟು ನೀರು ಕುಡಿದು ವಾಪಸ್ ಹೊರಡಬೇಕು. ಅವರಿಗೆ ದೊಡ್ಡ ಹಬ್ಬ ದೀಪಾವಳಿಯೂ ಅಲ್ಲ, ಛಠ್, ನಾಳೆಯಿಂದ ಶುರು. 60 ದಿನ ಮೊದಲು ಬುಕಿಂಗ್ ತೆರೆದ ಬೆಳಿಗ್ಗೆ ಎಂಟಕ್ಕೇ ಕಾದು ಕೂತಿದ್ದ, ನನಗೆ ನೆನಪಿದೆ, ಪೇಜು ಲೋಡ್ ಆಗೋದರೊಳಗೆ ಎಲ್ಲ ವೇಟಿಂಗು. ನಾವೆಲ್ಲ ಹೋದ ಮೇಲೆ ಮೆಸ್ಸಿಗೂ ರಜೆ. ನಾಲ್ಕು ದಿನ ಬ್ರೆಡ್ಡು, ಬಾಳೆಹಣ್ಣು, ಮೂಲೆ ಅಂಗಡಿ ಟೀ. ಇದನ್ನೆಲ್ಲ ನಾನು ಈಗ ಕೇಳಿದ್ದು. ಹೊರಡುವ ದಿನ ಕೇಳಿರಲಿಲ್ಲ, "ರೂಮಿನ ಕೀಲಿ ನಿನ್ನ ಹತ್ರ ಇರಲಿ" ಅಂತಷ್ಟೇ ಹೇಳಿ ಓಡಿದ್ದೆ.

ಸರಿ, ಆದರೂ ಹೆಬ್ಬೆಟ್ಟು ಒತ್ತಿ ಕ್ಲಾಸಿಗೆ ಯಾಕೆ ಹೋದೆ ಅಂತ ಕೇಳಿದೆ. ಅವನ ಉತ್ತರ ನಾನು ಹೇಳಿದರೆ ನೀವು ನಂಬಲ್ಲ. ಅವನೇ ಬರೀತಾನೆ.

ದಾನಾಪುರ
ಎಲ್ಲರಿಗೂ ನಮಸ್ಕಾರ. ನಾನು ಮೊದಲ ವರ್ಷದಲ್ಲಿ ಬಳಕೆ ಕನ್ನಡ ಓದಿದ್ದೇನೆ. ಪಾಸ್ ಆಗಿದ್ದೇನೆ. ಆ ಒಬ್ಬ ನಾನು.

ಗುಂಪಿನಲ್ಲಿ ನನ್ನ ಗೆಳೆಯನು ಕನ್ನಡದಲ್ಲಿ ಬರೆದನು: "ಮಂಗಳವಾರ ಕ್ಲಾಸಿಗೆ ಹೋದ್ರೆ ನೋಡಿ!" ನಾನು ಪುಸ್ತಕ ತೆಗೆದು ಓದಿದೆ. ಹೋಗು, ನೋಡು. ಎರಡೂ ಕ್ರಿಯಾಪದ ನನಗೆ ಗೊತ್ತು. "ಹೋಗಿ ನೋಡಿ" ಎಂದು ತಿಳಿದೆ. ಎಲ್ಲರೂ ಹೆಬ್ಬೆರಳು ಹಾಕಿದರು. ನಾನೂ ಹಾಕಿದೆ. ಮಂಗಳವಾರ ಹೋದೆ. ನೋಡಿದೆ. ಯಾರೂ ಇರಲಿಲ್ಲ. ಸರ್ ಇದ್ದರು.

ಸರ್ ತುಂಬಾ ಹೊತ್ತು ಪಾಠ ಮಾಡಿದರು. ಆಮೇಲೆ "ಊಟ ಆಯ್ತಾ?" ಎಂದು ಕೇಳಿದರು. ನಾನು "ಇಲ್ಲ" ಎಂದೆ. ಇದು ನಮ್ಮ ಪುಸ್ತಕದ ಮೊದಲ ಪಾಠ. ಸರ್ ಡಬ್ಬಿಯಲ್ಲಿ ಹೋಳಿಗೆ ತಂದಿದ್ದರು. ಎರಡು ಕೊಟ್ಟರು. ಮಾಡ್ಯೂಲ್ 3 ಸುಲಭ ಇದೆ. ನಾನು ಎಲ್ಲರಿಗೂ ಹೇಳಿಕೊಡುತ್ತೇನೆ.

ಮೈಸೂರು ಲೋಕಲ್
ಅಯ್ಯೋ ದೇವ್ರೇ. ಹೋದ್ರೆ ನೋಡಿ, ಹೋಗಿ ನೋಡಿ. ತಪ್ಪು ಅವನದ್ದಲ್ಲ ಗುರು, ನಿಮ್ಮ ಮಲೆನಾಡಿನ ಧಮಕಿಯದ್ದು. ಅಷ್ಟು ಮರ್ಯಾದೆ ಕೊಟ್ಟು ಯಾರಾದ್ರೂ ಹೆದರಿಸ್ತಾರಾ?

ಚಾಕ್‌ಪೀಸ್
ಹೋಳಿಗೆ ಮೂರಿತ್ತು, ಎರಡು ಕೊಟ್ಟರು. ದೊಡ್ಡ ಮನುಷ್ಯ ಅವರು.

ಕಡಲತಡಿ
ದಾನಾಪುರದವರೇ, ನಿಮ್ಮ ಕನ್ನಡ ನಮ್ಮದಕ್ಕಿಂತ ಚಂದ ಉಂಟು ಮಾರಾಯ್ರೆ. ನಾವು ಮಂಗಳೂರಿನವರು ಬೆಂಗಳೂರಲ್ಲಿ ಮಾತಾಡಿದರೆ "ಯಕ್ಷಗಾನವಾ?" ಅಂತ ಕೇಳ್ತಾರೆ. ನಿಮ್ಮನ್ನು ಯಾರೂ ಕೇಳ್ಲಿಕ್ಕಿಲ್ಲ.

ತಾಳಗುಪ್ಪ ಪ್ಯಾಸೆಂಜರ್
ತೀರ್ಪು: ದ್ರೋಹಿಯನ್ನು ಬಿಡುಗಡೆ ಮಾಡಲಾಗಿದೆ. ಭಾನುವಾರ ನಮ್ಮ ರೂಮಿನಲ್ಲಿ ಮಾಡ್ಯೂಲ್ 3 ಪಾಠ, ಈಗಲೇ 23 ಜನ ಹೆಸರು ಕೊಟ್ಟಿದ್ದಾರೆ. ಟಾಪರ್ ನೋಟ್‌ಬುಕ್ ಹಿಡ್ಕೊಂಡು ಮೊದಲ ಮಂಚ ಕೇಳಿದ್ದಾನೆ. ಸಂಜೆ ಇವನ ಅಮ್ಮ ವಿಡಿಯೋ ಕಾಲಿನಲ್ಲಿ ಕರಿಯುತ್ತಿದ್ದ ಛಠ್ ಹಬ್ಬದ ತಿಂಡಿ ಠೇಕುವಾ ತೋರಿಸಿದರು. ಇವನು ಕಡುಬಿನ ತಟ್ಟೆ ತೋರಿಸಿದ. ಅವರು ಹಿಂದಿಯಲ್ಲಿ ನನಗೆ ಏನೋ ಹೇಳಿದರು. ಅರ್ಥ ಆದದ್ದು ಇಷ್ಟೇ: ಹುಡುಗ ಬಡಕಲಾಗಿದ್ದಾನಂತೆ.

ಸೆಮಿಸ್ಟರ್ ರಜೆಗೆ ಇವನನ್ನ ಊರಿಗೆ ಕರ್ಕೊಂಡು ಹೋಗೋಣ ಅಂತಿದ್ದೇನೆ. ಅಮ್ಮನಿಗೆ ಹೇಳಿಯಾಯ್ತು. ಅಪ್ಪ ಕೇಳಿದ್ದು ಒಂದೇ: "ಸುಲಿತಾನಾ?"

ದಾನಾಪುರ
ಸುಲಿಯುವುದು ಎಂದರೆ ಏನು? ಪುಸ್ತಕದಲ್ಲಿ ಇಲ್ಲ.

ಹಳೇ ಸ್ಟೂಡೆಂಟು
ಮಗಾ, ಬೇಡ. ಅಲ್ಲಿಗೆ ಹೋಗಬೇಡ.

ಗಿರ್ಮಿಟ್ ಎರಡು ಪ್ಲೇಟ್
ಸಾಗರಕ್ಕ ಹೋದ್ರ ನೋಡಪಾ ಮತ್ತ!

ದಾನಾಪುರ
ಧನ್ಯವಾದಗಳು. ಹೋಗಿ ನೋಡುತ್ತೇನೆ.